ದಿನ ಮೀರಿದಾಗ ಎಣಿಸತಕ್ಕ ಲೆಕ್ಕ

ಈ ತಿಂಗಳು ನಾನು ಎತ್ತಿಕೊಂಡಿರುವ ವಿಷಯವನ್ನು ಕಂಡು ವಾಚಕರಲ್ಲಿ ಕೆಲವರು ಹುಬ್ಬುಗಂಟಿಕ್ಕಬಹುದು. ಮೂವತ್ತಕ್ಕೂ ಮಿಕ್ಕಿದ ವರ್ಷಗಳ ಕಾಲ ಹುಡುಗರಿಗೆ ಶಬ್ದರೂಪ ಧಾತುರೂಪಗಳನ್ನು ಬಾಯಿಪಾಠ ಮಾಡಿಸಿ ಈಗ ಮನೆಯಲ್ಲಿ ಕುಳಿತಿರುವ ಉಪಾಧ್ಯಾಯನಿಗೆ ಹೆಂಗಸರ ಮುಟ್ಟಿನ ವಿಚಾರವೇತಕ್ಕೆ ಎಂದು ಅವರು ಕೇಳಿದರೆ ಆ ಪ್ರಶ್ನೆ ನ್ಯಾಯವಾದುದೇ. ನನ್ನ ಸಮಾಧಾನ ಇಷ್ಟೆ. ನಾನು ಇಲ್ಲಿ ಮುಖ್ಯವಾಗಿ ಬರೆಯಹೊರಟಿರುವುದು ವೈದ್ಯವಲ್ಲ, ಲೆಕ್ಕ. ವೈದ್ಯದ ಭಾಗವನ್ನು, ಹಿಂದೆ ನನ್ನಲ್ಲಿ ಸಂಸ್ಕೃತ ಓದಿ ಈಗ ಪ್ರಸೂತಿವೈದ್ಯೆಯಾಗಿರುವ ಶಿಷ್ಯೆಯೊಬ್ಬಳಿಂದ ಕೇಳಿ ತಿಳಿದುಕೊಂಡಿದ್ದೇನೆ. ಆಕೆ ನನ್ನ ಬರವಣಿಗೆಯಲ್ಲಿ ಎರಡು ಕಡೆ ಕೆಂಪು ಗೆರೆ ಎಳೆದು ತಿದ್ದಿಕೊಟ್ಟಳು. ಗುರುವಿನ ಪಾಠವನ್ನು ಶಿಷ್ಯೆ ತಿದ್ದುವ ಕಾಲ ಬಂದಿತೆಂದು ನನಗೇನೂ ವ್ಯಸನವಾಗಲಿಲ್ಲ.

ಈ ಲೇಖನಕ್ಕೆ ಕಾರಣವಾದ ಸಂಗತಿ 2022ನೆಯ ಇಸವಿಯ ಜುಲೈ ತಿಂಗಳಲ್ಲಿ ನಡೆದದ್ದು. ನನ್ನ ತಮ್ಮನ ಮಗಳನ್ನು ಸಾಗರದ ಕಡೆಯ ಒಂದು ಹಳ್ಳಿಗೆ ಕೊಟ್ಟಿದೆ. ಆಗ ಮದುವೆಯಾಗಿ ಎರಡು ವರ್ಷ ಕಳೆದಿತ್ತು; ಮನೆಯಲ್ಲಿ ಎಲ್ಲರಿಗೂ ಒಂದೇ ನಿರೀಕ್ಷೆ. ಜೂನ್ 3ರಂದು ಹುಡುಗಿ ಮುಟ್ಟಾಗಿದ್ದಳು. ಜುಲೈ 3 ಬಂದಿತು, ಮುಟ್ಟು ಬರಲಿಲ್ಲ. ಅವಳ ಅತ್ತೆ, ಎಂದರೆ ನಮ್ಮ ಬೀಗಿತ್ತಿಯವರು, ಗೋಡೆಯ ಕ್ಯಾಲೆಂಡರನ್ನು ನೋಡಿ, "ಮೂರನೆಯ ತಾರೀಖು ದಾಟಿತಲ್ಲ" ಎಂದು ನಗುಮುಖದಿಂದ ಹೇಳಿದರಂತೆ. ಅಳಿಯ ಅಂದೇ ಪೇಟೆಗೆ ಹೋಗಿ ಪರೀಕ್ಷೆಯ ಪಟ್ಟಿಯೊಂದನ್ನು ತಂದುಕೊಟ್ಟ. 4ರ ಬೆಳಗ್ಗೆ ನೋಡಿದರೆ ಮೂಡಿದ್ದು ಒಂದೇ ಗೆರೆ. ಒಂದು ಗೆರೆಗೆ ಗರ್ಭವಿಲ್ಲವೆಂದು ಅರ್ಥ.

ಅಲ್ಲಿಂದ ಮುಂದೆ ಮನೆಯವರ ತರ್ಕ ಹೀಗೆ ಸಾಗಿತು. ಗರ್ಭವಿಲ್ಲವೆಂಬುದು ಪರೀಕ್ಷೆಯಿಂದ ಸಿದ್ಧವಾಯಿತು, ಗರ್ಭವಿಲ್ಲದೆ ಮುಟ್ಟು ನಿಂತಿದೆ, ಆದುದರಿಂದ ಇದು ದೋಷ, ದೋಷವನ್ನು ಕಳೆಯಬೇಕು. ಎಳ್ಳುಬೆಲ್ಲದ ಉಂಡೆ ಬಂದಿತು, ಓಮದ ಕಷಾಯ ಬಂದಿತು. ನೆರೆಮನೆಯ ಹಿರಿಯರೊಬ್ಬರು ಪಪ್ಪಾಯಿಯನ್ನು ಕಳುಹಿಸಿದರು. ಮಾರನೆಯ ದಿನ ಔಷಧದ ಅಂಗಡಿಯವನು ವೈದ್ಯರ ಚೀಟಿಯನ್ನೂ ಕೇಳದೆ "ಮುಟ್ಟು ಬರಿಸುವ" ಮಾತ್ರೆಗಳನ್ನು ಐದು ದಿನಕ್ಕಾಗುವಷ್ಟು ಎಣಿಸಿಕೊಟ್ಟ. ಹುಡುಗಿ ಐದು ದಿನವೂ ಅವನ್ನು ನುಂಗಿದಳು. ಮುಟ್ಟು ಬರಲಿಲ್ಲ. ಇನ್ನೂ ಹತ್ತು ಹನ್ನೆರಡು ದಿನ ಕಳೆಯುವಷ್ಟರಲ್ಲಿ ಒಗ್ಗರಣೆಯ ವಾಸನೆಗೆ ಹೊಟ್ಟೆ ತೊಳಸಲು ಮೊದಲಾಯಿತು. 22ರಂದು ಮನೆಗೆ ಬಂದ ಆಶಾ ಕಾರ್ಯಕರ್ತೆ ಅವಳ ಮುಖವನ್ನು ನೋಡಿ, ತನ್ನ ಚೀಲದಲ್ಲಿದ್ದ ಪಟ್ಟಿಯಿಂದ ಮತ್ತೊಮ್ಮೆ ಪರೀಕ್ಷೆ ಮಾಡಿಸಿದಳು. ಈ ಸಲ ಎರಡು ಗೆರೆ, ಅದೂ ಸ್ಫುಟವಾಗಿ.

ಅಂದು ಸಾಯಂಕಾಲ ನಮ್ಮ ಮನೆಗೆ ದೂರವಾಣಿ ಬಂದಿತು. ಮೊದಲು ತನ್ನ ದೊಡ್ಡಮ್ಮನೊಡನೆ ಮಾತಾಡಿದಳು. ಸಂತೋಷದ ವಾರ್ತೆಯನ್ನು ಕೇಳುತ್ತಿರುವವರ ಮುಖ ಹಾಗಿರುವುದಿಲ್ಲವಲ್ಲಾ ಎಂದು ನಾನು ಹತ್ತಿರ ಹೋದೆ. ನನ್ನ ಕೈಗೆ ಫೋನು ಬಂದಾಗ ಹುಡುಗಿ ಅಳುತ್ತಿದ್ದಳು. "ದೊಡ್ಡಪ್ಪ, ಆ ದಿನ ಇಲ್ಲ ಅಂತಲೇ ತೋರಿಸಿತ್ತು. ಅದನ್ನು ನಂಬಿ ಮಾತ್ರೆ ತೆಗೆದುಕೊಂಡೆ. ಕೂಸಿಗೆ ಏನಾದರೂ ಆಗಿಬಿಟ್ಟಿದ್ದರೆ?"

ಪಟ್ಟಿ ಸುಳ್ಳು ಹೇಳಿತೆ? ಇಲ್ಲ. ಅದನ್ನು ಕೇಳಬಾರದ ದಿನ ಕೇಳಿದರು. ಅದು ಆ ದಿನದ ಮಟ್ಟಿಗೆ ತನಗೆ ಕಂಡದ್ದನ್ನು ಹೇಳಿತು. ಅಂದು ರಾತ್ರಿ ನಾನು ಕಾಗದ ಪೆನ್ಸಿಲು ಹಿಡಿದು ಕುಳಿತು ಹಾಕಿದ ಲೆಕ್ಕವನ್ನೇ ಈಗ ವಾಚಕರ ಮುಂದಿಡುತ್ತಿದ್ದೇನೆ.

ಮೊದಲನೆಯ ತಪ್ಪು ತಾರೀಖಿನದು. ಕಳೆದ ತಿಂಗಳು ಮೂರನೆಯ ತಾರೀಖಾದರೆ ಈ ತಿಂಗಳೂ ಮೂರೇ ಎಂದು ಎಣಿಸುವ ರೂಢಿ ಬಹಳ ಮನೆಗಳಲ್ಲಿದೆ. ಶರೀರಕ್ಕೆ ಇಂಗ್ಲಿಷ್ ತಿಂಗಳು ಗೊತ್ತಿಲ್ಲ. 30 ಎಂದೂ 31 ಎಂದೂ 28 ಎಂದೂ ಅದು ಬದಲಾಯಿಸಿಕೊಳ್ಳುವುದಿಲ್ಲ. ಹಳೆಯ ಕಾಲದ ಹೆಂಗಸರು ತಿಥಿಯಿಂದ ಎಣಿಸುತ್ತಿದ್ದರು. ಚಾಂದ್ರಮಾಸವು ಸುಮಾರು ಇಪ್ಪತ್ತೊಂಬತ್ತೂವರೆ ದಿನವಾದುದರಿಂದ ಅದೂ ಎಲ್ಲರಿಗೂ ಹೊಂದತಕ್ಕದ್ದಲ್ಲ. ಸರಿಯಾದ ಕ್ರಮವೆಂದರೆ ಸ್ರಾವ ಕಂಡ ಮೊದಲನೆಯ ದಿನವನ್ನು 1 ಎಂದಿಟ್ಟು, ಮುಂದಿನ ಸ್ರಾವದ ಹಿಂದಿನ ದಿನದವರೆಗೆ ಎಣಿಸುವುದು. ಕೆಲವರಿಗೆ ಇದು 24 ಬರುವುದು, ಕೆಲವರಿಗೆ 28, ಕೆಲವರಿಗೆ 35. ಇವೆಲ್ಲ ಆರೋಗ್ಯವಂತರ ಎಣಿಕೆಗಳೇ. ಒಬ್ಬಳಿಗೇ ಒಂದು ತಿಂಗಳು 33, ಮತ್ತೊಂದು ತಿಂಗಳು 36 ಆಗುವುದೂ ಉಂಟು. ನಮ್ಮ ಹುಡುಗಿಯನ್ನು ಕೇಳಿದೆ. ಕಾಲೇಜಿನ ದಿನಗಳಿಂದಲೂ ತನಗೆ ಐದು ವಾರಕ್ಕೊಮ್ಮೆ ಎಂದಳು. ಹಾಗಾದರೆ ಅವಳ ಮುಂದಿನ ಮುಟ್ಟು ಬರಬೇಕಾಗಿದ್ದದ್ದು ಜುಲೈ 8ಕ್ಕೆ. 4ರಂದು ಅವಳ ದಿನವೇ ಮೀರಿರಲಿಲ್ಲ!

ಎರಡನೆಯ ಮಾತು ಇದಕ್ಕಿಂತ ಸೂಕ್ಷ್ಮವಾದುದು. ಗರ್ಭಧಾರಣೆಯ ದಿನವನ್ನು ಎತ್ತಲಿಂದ ಎಣಿಸಬೇಕು? ನಮ್ಮ ಪ್ರಾಚೀನರು ಮುಂದಕ್ಕೆ ಎಣಿಸಿದರು. ಸುಶ್ರುತಸಂಹಿತೆಯಲ್ಲಿ ಋತುಕಾಲವು ಹನ್ನೆರಡು ರಾತ್ರಿಗಳೆಂದಿದೆ, ಮನುಸ್ಮೃತಿಯಲ್ಲಿ ಹದಿನಾರು. ಎರಡೂ ಸ್ರಾವ ಕಂಡ ದಿನದಿಂದ ಮೊದಲಾಗುವ ಗಣನೆ. ಗರ್ಭ ನಿಲ್ಲುವುದಕ್ಕೆ ಯೋಗ್ಯವಾದ ದಿನಗಳು ಕೆಲವೇ ಎಂಬ ಸಾರವನ್ನು ಅವರು ಕಂಡುಕೊಂಡಿದ್ದರೆಂಬುದು ಸಾಮಾನ್ಯವಲ್ಲ. ಆದರೆ 1924ರಲ್ಲಿ ಜಪಾನಿನ ವೈದ್ಯ ಒಗಿನೊ ಎಂಬವರೂ, ಕೆಲವು ವರ್ಷಗಳ ಬಳಿಕ ಆಸ್ಟ್ರಿಯದ ಕ್ನೌಸ್ ಎಂಬವರೂ ಬೇರೆಬೇರೆಯಾಗಿ ಕಂಡುಹಿಡಿದ ಸಂಗತಿಯೇನೆಂದರೆ, ಈ ಲೆಕ್ಕವನ್ನು ಹಿಂದಕ್ಕೆ ಎಣಿಸಬೇಕು. ಅಂಡಾಶಯದಿಂದ ಅಂಡ ಹೊರಬೀಳುವುದು ಮುಂದಿನ ಮುಟ್ಟಿಗೆ ಸುಮಾರು ಹದಿನಾಲ್ಕು ದಿನ ಮುಂಚೆ. ಮುಟ್ಟು 28 ದಿನಕ್ಕೆ ಬರುವವಳಿಗೆ ಅದು ನಡುವೆ ಬೀಳುವುದು. 35 ದಿನಕ್ಕೆ ಬರುವವಳಿಗೆ ಒಂದು ವಾರ ತಡವಾಗಿ. ಹೆಚ್ಚುಕಡಮೆಯಾಗುವುದು ಬಹುಮಟ್ಟಿಗೆ ಮೊದಲ ಅರ್ಧ. ಕೊನೆಯ ಅರ್ಧ ಅಷ್ಟಾಗಿ ಕದಲದು. ಹಾಗೆ ಬಿದ್ದ ಅಂಡದ ಆಯುಸ್ಸು ಒಂದು ದಿನವನ್ನು ಮೀರದು. ಪುರುಷನ ಬೀಜವಾದರೋ ಐದು ದಿನಗಳವರೆಗೆ ಉಳಿಯಬಲ್ಲದು.

ಈಗ ನಮ್ಮ ಹುಡುಗಿಯ ಲೆಕ್ಕ. ಜುಲೈ 8ರಿಂದ ಹಿಂದಕ್ಕೆ 14 ದಿನ ಎಣಿಸಿದರೆ ಜೂನ್ 24. ಅಂಡ ಫಲಿಸಿದ್ದು ಅಂದಿನ ಸುಮಾರಿಗೆ. ಫಲಿಸಿದ ಒಡನೆ ಅದು ಗರ್ಭಕೋಶದಲ್ಲಿ ನೆಲೆಯೂರುವುದಿಲ್ಲ. ಮೆಲ್ಲಮೆಲ್ಲಗೆ ಅಂಡನಾಳದಲ್ಲಿ ಸಾಗಿ, 6ರಿಂದ 12 ದಿನಗಳೊಳಗೆ, ಹೆಚ್ಚಾಗಿ 8ರಿಂದ 10ನೆಯ ದಿನದೊಳಗೆ, ಗರ್ಭಕೋಶದ ಗೋಡೆಗೆ ಅಂಟಿಕೊಳ್ಳುವುದು. ಹಾಗೆಂದರೆ ಜುಲೈ 2, 3, 4. ಪಟ್ಟಿಯು ಹುಡುಕುವ ದ್ರವ್ಯವಾದರೋ ಹೀಗೆ ಅಂಟಿಕೊಂಡ ಮೇಲಲ್ಲದೆ ತಾಯಿಯ ರಕ್ತಕ್ಕೆ ಇಳಿಯುವುದಿಲ್ಲ. ನೆಂಟರು ಬಾಗಿಲೊಳಗೆ ಕಾಲಿಡುತ್ತಿರುವಾಗಲೇ ಒಲೆಯ ಮೇಲೆ ಊಟ ಆಯಿತೇ ಎಂದು ಕೇಳಿದ ಹಾಗಾಯಿತು ಆ ಪರೀಕ್ಷೆ.

ಆ ದ್ರವ್ಯಕ್ಕೆ ವೈದ್ಯರು ಎಚ್‌ಸಿಜಿ ಎಂದು ಹೆಸರಿಟ್ಟಿದ್ದಾರೆ. ಮುಂದೆ ಮಾಸು ಆಗತಕ್ಕ ಕಣಗಳು ಅದನ್ನು ಉತ್ಪತ್ತಿ ಮಾಡುವುವು. "ಮುಟ್ಟಾಗಬೇಡ, ನಾನು ಬಂದಿದ್ದೇನೆ" ಎಂದು ಶಿಶು ತಾಯಿಯ ಅಂಡಾಶಯಕ್ಕೆ ಕಳುಹಿಸುವ ಓಲೆ ಅದೆಂದು ನನ್ನ ಶಿಷ್ಯೆ ಹೇಳಿದಳು. ಆರಂಭದ ವಾರಗಳಲ್ಲಿ ಅದು ಎರಡು ಮೂರು ದಿನಗಳಿಗೊಮ್ಮೆ ಇಮ್ಮಡಿಯಾಗುತ್ತ ಹೋಗುವುದು. ಚದುರಂಗದ ಮನೆಗಳ ಮೇಲೆ ಕಾಳು ಇಡುತ್ತ ಹೋದ ಕಥೆಯನ್ನು ಬಲ್ಲವರು ಈ ಲೆಕ್ಕವನ್ನು ಬಲ್ಲರು. ಪೇಟೆಯಲ್ಲಿ ಸಿಕ್ಕುವ ಸಾಮಾನ್ಯ ಪಟ್ಟಿಗೆ ಅದು ಕಣ್ಣಿಗೆ ಬೀಳಬೇಕಾದರೆ 25 ಅಂಶದಷ್ಟಾದರೂ ಇರಬೇಕೆಂದು ಇಟ್ಟುಕೊಳ್ಳೋಣ. ಬರಿಯ ಉದಾಹರಣೆಗಾಗಿ, ಜುಲೈ 4ರಂದು ಅದು 3 ಇದ್ದಿತೆನ್ನಿ. 6ಕ್ಕೆ 6, 8ಕ್ಕೆ 12, 10ಕ್ಕೆ 24, 12ಕ್ಕೆ 48, 14ಕ್ಕೆ 96, 22ಕ್ಕೆ 1,536. ನಾಲ್ಕನೆಯ ತಾರೀಖಿನ ಒಂಟಿ ಗೆರೆಗೂ ಇಪ್ಪತ್ತೆರಡರ ಜೋಡಿ ಗೆರೆಗೂ ನಡುವೆ ನಡೆದದ್ದು ಇದೇ.

ಹಾಗಾದರೆ ಪರೀಕ್ಷೆಯನ್ನು ಎಂದು ಮಾಡಬೇಕು? ತನ್ನ ಎಣಿಕೆಗಳಲ್ಲಿ ಅತ್ಯಂತ ದೀರ್ಘವಾದುದನ್ನು ಹಿಡಿದು ಆ ದಿನ ಮೀರಿದ ಮೇಲೆ ಮಾಡಬಹುದು. ಆಗಲೂ "ಇಲ್ಲ" ಎಂದು ಬಂದರೆ ಅದನ್ನು ಅರ್ಧ ಉತ್ತರವೆಂದು ತಿಳಿದು, ಒಂದು ವಾರ ಬಿಟ್ಟು ಮತ್ತೊಮ್ಮೆ ಮಾಡತಕ್ಕದ್ದು. ಏತಕ್ಕೆಂದರೆ 2001ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಸಂಶೋಧನೆಯ ಪ್ರಕಾರ, ಮುಟ್ಟು ಬರಬೇಕಾಗಿದ್ದ ದಿನಕ್ಕೆ ಹತ್ತರಲ್ಲಿ ಒಂದರಷ್ಟು ಗರ್ಭಗಳು ಇನ್ನೂ ನೆಲೆಯನ್ನೇ ಊರಿರುವುದಿಲ್ಲ. ಎಷ್ಟು ಚುರುಕಾದ ಪಟ್ಟಿಯಾದರೂ ಇಲ್ಲದ್ದನ್ನು ತೋರಿಸಲಾರದು. ಮುಟ್ಟು ಯಾವ ಕ್ರಮಕ್ಕೂ ಒಳಪಡದವರು, ಅಥವಾ ಕೊನೆಯ ದಿನವನ್ನು ಮರೆತವರು, ದಂಪತಿಗಳ ಕೊನೆಯ ಸಮಾಗಮದಿಂದ 21 ದಿನ ಎಣಿಸಿ ಪರೀಕ್ಷಿಸಿದರೆ ಉತ್ತರ ನಂಬತಕ್ಕದ್ದಾಗಿರುವುದು. ಅಷ್ಟು ಕಾಯಲು ಸಾಧ್ಯವಿಲ್ಲದ ಕಾರಣವಿದ್ದರೆ ರಕ್ತಪರೀಕ್ಷೆಯುಂಟು. ಅದು ಇನ್ನೂ ಸ್ವಲ್ಪ ಬೇಗನೆ ತಿಳಿಸಬಲ್ಲದು, ಪ್ರಮಾಣವನ್ನೂ ಅಂಕಿಯಲ್ಲಿ ಹೇಳುವುದು.

ಪರೀಕ್ಷೆಯ ವಿಧಾನವನ್ನು ಪೊಟ್ಟಣದ ಮೇಲೆಯೇ ಅಚ್ಚುಮಾಡಿರುವರು, ಓದುವವರು ಕಡಮೆ. ಬೆಳಗ್ಗೆ ಎದ್ದೊಡನೆಯ ಮೂತ್ರ ಗಾಢವಾಗಿರುವುದರಿಂದ ಉತ್ತಮ. ಎರಡು ಚೊಂಬು ನೀರು ಕುಡಿದು ಪರೀಕ್ಷಿಸಿದರೆ ದ್ರವ್ಯ ತೆಳುವಾಗಿ ತಪ್ಪಿಹೋಗಬಹುದು. ಪಟ್ಟಿಯ ಅವಧಿ ಮುಗಿದಿರಬಾರದು. 'ಸಿ' ಎಂಬ ಅಕ್ಷರದ ಎದುರಿನ ಗೆರೆ ಮೂಡದಿದ್ದರೆ ಪಟ್ಟಿಯೇ ಕೆಟ್ಟಿದೆ, ಅದರ ಮಾತಿಗೆ ಬೆಲೆಯಿಲ್ಲ. 'ಟಿ' ಎದುರಿನ ಗೆರೆ ಹೇಳಿದ ಸಮಯದೊಳಗೆ ಎಷ್ಟು ಮಂದವಾಗಿ ಮೂಡಿದರೂ, ಬಣ್ಣವಿದ್ದರೆ, ಉಂಟೆಂದೇ ಅರ್ಥ. ಅರ್ಧ ಗಂಟೆ ಬಿಟ್ಟು ಕಸದ ಬುಟ್ಟಿಯಿಂದ ಎತ್ತಿ ನೋಡಿ ಕಂಡ ಬೂದು ಗೆರೆಯನ್ನು ಲೆಕ್ಕಕ್ಕೆ ಹಿಡಿಯಕೂಡದು. ಬಹುತೇಕ ಪಟ್ಟಿಗಳಲ್ಲಿ ಆ ಕೆಂಪು ಬಣ್ಣ ಚಿನ್ನದ ಅತಿಸೂಕ್ಷ್ಮ ಕಣಗಳದೆಂದು ತಿಳಿದು ನನಗೆ ಆಶ್ಚರ್ಯವಾಯಿತು. ಚಿನ್ನವನ್ನು ಅಷ್ಟು ಸಣ್ಣದಾಗಿಸಿದರೆ ಅದು ಹಳದಿಯಾಗಿರದೆ ಕೆಂಪಾಗುವುದಂತೆ.

ಇಷ್ಟು ಸುಲಭವಾಗಿ ಕೈಗೆ ಸಿಕ್ಕಿರುವ ಈ ಪಟ್ಟಿಯ ಪೂರ್ವವೃತ್ತಾಂತವನ್ನು ಹೇಳದೆ ಮುಂದುವರಿಯಲು ನನಗೆ ಮನಸ್ಸಿಲ್ಲ. 1928ರ ಸುಮಾರಿಗೆ ಬರ್ಲಿನ್ ನಗರದಲ್ಲಿ ಆಶ್‌ಹೈಮ್ ಮತ್ತು ಜೋಂಡೆಕ್ ಎಂಬ ಇಬ್ಬರು ಪಂಡಿತರು ಹೆಂಗಸಿನ ಮೂತ್ರವನ್ನು ಎಳೆಯ ಹೆಣ್ಣು ಇಲಿಗಳಿಗೆ ಚುಚ್ಚಿ, ಕೆಲವು ದಿನಗಳ ಮೇಲೆ ಅವುಗಳನ್ನು ಕೊಯ್ದು ಅಂಡಾಶಯವನ್ನು ನೋಡುತ್ತಿದ್ದರು. ಗರ್ಭವಿದ್ದರೆ ಆ ಎಳೆಯ ಪ್ರಾಣಿಯ ಅಂಡಾಶಯ ಅಕಾಲದಲ್ಲಿ ಪಕ್ವವಾಗಿರುತ್ತಿತ್ತು. 1931ರಲ್ಲಿ ಅಮೆರಿಕದ ಫ್ರೀಡ್‌ಮನ್ ಇಲಿಗೆ ಬದಲಾಗಿ ಮೊಲವನ್ನು ತಂದರು. ಮೊಲಕ್ಕೂ ಅದೇ ಗತಿ. ಆಮೇಲೆ ದಕ್ಷಿಣ ಆಫ್ರಿಕದ ಒಂದು ಜಾತಿಯ ಕಪ್ಪೆಗೆ ಈ ಕೆಲಸ ಬಂದಿತು. ಚುಚ್ಚಿದ ಒಂದು ದಿನದೊಳಗೆ ಅದು ಮೊಟ್ಟೆಯಿಟ್ಟರೆ ಗರ್ಭ ಉಂಟು. ಅದನ್ನು ಕೊಲ್ಲಬೇಕಾಗಿರಲಿಲ್ಲ, ಮತ್ತೆ ನೀರಿಗೆ ಬಿಟ್ಟರೆ ಇನ್ನೊಂದು ಸಲದ ಪರೀಕ್ಷೆಗೆ ಸಿದ್ಧ. ಹೀಗೆ ನೂರಾರು ಕಪ್ಪೆಗಳನ್ನು ತೊಟ್ಟಿಗಳಲ್ಲಿ ಸಾಕಿದ ಪ್ರಯೋಗಶಾಲೆಗಳಿದ್ದುವು. 1960ರಲ್ಲಿ ಸ್ವೀಡನ್ನಿನ ವೀಡೆ ಮತ್ತು ಗೆಮ್ಜೆಲ್ ಎಂಬವರು ಪ್ರಾಣಿಯೇ ಬೇಡದ, ಗಾಜಿನ ನಳಿಗೆಯಲ್ಲಿ ಮಾಡುವ ಪರೀಕ್ಷೆಯನ್ನು ರಚಿಸಿದರು. ಅಂಥ ನಳಿಗೆಗಳ ಸಾಲನ್ನು 1967ರಲ್ಲಿ ಒಂದು ಔಷಧ ಕಂಪೆನಿಯಲ್ಲಿ ಕಂಡ ಮಾರ್ಗರೆಟ್ ಕ್ರೇನ್ ಎಂಬ ಚಿತ್ರಕಾರ್ತಿ, ಇದನ್ನು ಹೆಂಗಸು ತನ್ನ ಮನೆಯಲ್ಲಿಯೇ ಏಕೆ ಮಾಡಿಕೊಳ್ಳಬಾರದು ಎಂದು ಯೋಚಿಸಿ, ಒಂದು ಸಣ್ಣ ಪಾರದರ್ಶಕ ಡಬ್ಬಿಯಲ್ಲಿ ಅದರ ಮಾದರಿಯನ್ನು ಮಾಡಿ ತೋರಿಸಿದಳು. ಕಂಪೆನಿಯ ಗಂಡಸರು ಮೊದಲು ಒಪ್ಪಲಿಲ್ಲ. ಈಗ ಅದೇ ವಸ್ತು ಹಳ್ಳಿಯ ಆಶಾ ಕಾರ್ಯಕರ್ತೆಯ ಚೀಲದಲ್ಲಿ 'ನಿಶ್ಚಯ್' ಎಂಬ ಸಂಸ್ಕೃತದ ಹೆಸರನ್ನು ಹೊತ್ತು ಕುಳಿತಿದೆ. ಹೆಸರನ್ನು ಇಟ್ಟವರಿಗೆ ನನ್ನ ಅಭಿನಂದನೆ.

ಅದಕ್ಕೆ ಮುಂಚೆ ಜನರು ಲಕ್ಷಣಗಳನ್ನೇ ನಂಬಬೇಕಾಗಿದ್ದಿತು. ರಘುವಂಶದ ಮೂರನೆಯ ಸರ್ಗದಲ್ಲಿ ಸುದಕ್ಷಿಣೆ ಮಣ್ಣು ತಿಂದದ್ದನ್ನು ದಿಲೀಪನು ಅವಳ ಬಾಯ ಪರಿಮಳದಿಂದ ಅರಿತುಕೊಳ್ಳುತ್ತಾನೆ. ಕಾವ್ಯವಾಗಿ ಅದಕ್ಕಿಂತ ಸುಂದರವಾದುದಿಲ್ಲ. ಆದರೆ ಬಯಕೆಯ ಕಾಲವನ್ನು ಸುಶ್ರುತನು ಹೇಳುವುದು ನಾಲ್ಕನೆಯ ತಿಂಗಳಿಗೆ. ಅಷ್ಟು ಕಾಯುವ ಅವಕಾಶ ಶಿಶುವಿಗೆ ಇಲ್ಲವೆಂಬುದನ್ನು ನನ್ನ ಶಿಷ್ಯೆ ಹೇಳಿದಾಗಲೇ ನನಗೆ ಈ ಲೆಕ್ಕದ ನಿಜವಾದ ಗುರುತ್ವ ತಿಳಿದದ್ದು.

ಶಿಶುವಿನ ಮಿದುಳು ಮತ್ತು ಬೆನ್ನುಹುರಿ ಆಗತಕ್ಕ ಭಾಗ ಮೊದಲು ತೆರೆದ ಕಾಲುವೆಯಂತಿದ್ದು, ಆಮೇಲೆ ಎರಡು ದಡಗಳೂ ಕೂಡಿ ನಳಿಗೆಯಾಗಿ ಮುಚ್ಚಿಕೊಳ್ಳುವುದು. ಇದು ಮುಗಿಯುವುದು ಅಂಡ ಫಲಿಸಿದ ಸುಮಾರು 28ನೆಯ ದಿನಕ್ಕೆ. ಆ ಕೆಲಸಕ್ಕೆ ತಾಯಿಯ ಶರೀರದಲ್ಲಿ ಫೋಲಿಕ್ ಆಮ್ಲವೆಂಬ ಜೀವಸತ್ತ್ವ ಸಾಕಷ್ಟಿರಬೇಕು. ಇಲ್ಲದೆ ಹೋದರೆ ನಳಿಗೆ ಮುಚ್ಚದೆ ಉಳಿಯುವ ಅಪಾಯ ಹೆಚ್ಚು. ಆದುದರಿಂದ ಮಗು ಬೇಕೆಂದಿರುವವರು ಗರ್ಭ ನಿಲ್ಲುವುದಕ್ಕೆ ಒಂದು ತಿಂಗಳು ಮುಂಚಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಮಾತ್ರೆಯನ್ನು ತೆಗೆದುಕೊಳ್ಳುತ್ತಿರಬೇಕು. ಮೂರು ತಿಂಗಳು ತುಂಬುವವರೆಗೂ ಅದು ನಡೆಯಬೇಕು. ನಮ್ಮ ಹುಡುಗಿ ಅದನ್ನು ತೆಗೆದುಕೊಂಡಿರಲಿಲ್ಲ, ಹೇಳಿದವರೂ ಇರಲಿಲ್ಲ. ಕಾಗದದ ಮೇಲೆ ಜೂನ್ 24ಕ್ಕೆ 28 ಕೂಡಿಸಿದೆ. ಜುಲೈ 22 ಬಂದಿತು. ಎರಡು ಗೆರೆ ಮೂಡಿದ ದಿನ! ಆ ಅಂಕಿಯನ್ನು ನಾನು ಹುಡುಗಿಗೆ ಹೇಳಲಿಲ್ಲ. ಅವಳ ದೊಡ್ಡಮ್ಮನಿಗೂ ಮಗು ಹುಟ್ಟಿದ ಮೇಲೆಯೇ ಹೇಳಿದ್ದು.

ಇನ್ನು ಮಾತ್ರೆಯ ವಿಷಯ. "ಮುಟ್ಟು ಬರಿಸುವ" ಮಾತ್ರೆಗಳನ್ನು ವೈದ್ಯರೂ ಕೊಡುವುದುಂಟು, ಆದರೆ ಗರ್ಭವಿಲ್ಲವೆಂದು ನಿಶ್ಚಯಮಾಡಿಕೊಂಡ ಮೇಲೆ. ಹಿಂದೊಮ್ಮೆ ಅಧಿಕ ಪ್ರಮಾಣದ ಎರಡು ಹಾರ್ಮೋನುಗಳ ಮಿಶ್ರಣವನ್ನು ಗರ್ಭವಿದೆಯೇ ಎಂದು ನೋಡುವುದಕ್ಕಾಗಿಯೇ ಕೊಡುತ್ತಿದ್ದರು. ಶಿಶುವಿಗೆ ಹಾನಿಯಾದೀತೆಂಬ ಭಯದಿಂದ ಭಾರತ ಸರ್ಕಾರ 1980ರ ದಶಕದಲ್ಲಿ ಅದನ್ನು ನಿಷೇಧಿಸಿತು. ಅಂಗಡಿಯವನು ನಮ್ಮ ಹುಡುಗಿಗೆ ಕೊಟ್ಟದ್ದು ಅದಲ್ಲ. ಆ ಪ್ರಮಾಣದಲ್ಲಿ ಐದು ದಿನ ತೆಗೆದುಕೊಂಡದ್ದರಿಂದ ದೊಡ್ಡ ಭಯಕ್ಕೆ ಕಾರಣವಿಲ್ಲವೆಂದು ವೈದ್ಯೆ ಧೈರ್ಯ ಹೇಳಿದಳು. ಧೈರ್ಯ ಹೇಳಿದರೇನು, ಹುಡುಗಿ ಎಂಟು ತಿಂಗಳು ನೆಮ್ಮದಿಯಿಂದ ಮಲಗಲಿಲ್ಲ. ಪಪ್ಪಾಯಿಯನ್ನಾಗಲಿ ಎಳ್ಳನ್ನಾಗಲಿ ನಾನು ದೂಷಿಸುವುದಿಲ್ಲ. ಮಾಗಿದ ಹಣ್ಣು ತಿಂದರೆ ಮುಟ್ಟು ಬರುವುದೆಂಬುದಕ್ಕೆ ಆಧಾರವಿಲ್ಲ. ನನ್ನ ಆಕ್ಷೇಪವೆಲ್ಲ ಎರಡನೆಯ ಪರೀಕ್ಷೆಗೆ ಮುಂಚೆ ಬಾಯಿಗೆ ಬೀಳುವ ಔಷಧದ ಮೇಲೆ. ಮೂರ್ಛೆರೋಗಕ್ಕೆ ಕೊಡುವ ವಾಲ್ಪ್ರೋಯೇಟ್, ಮೊಡವೆಗೆ ಕೊಡುವ ಐಸೋಟ್ರೆಟಿನಾಯಿನ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಇವು ಶಿಶುವಿಗೆ ನಿಶ್ಚಯವಾಗಿ ಕೆಡುಕು ಮಾಡಬಲ್ಲವು. ಅವುಗಳನ್ನು ಸೇವಿಸುತ್ತಿರುವವರು ದಿನ ಮೀರಿದೊಡನೆ ವೈದ್ಯರಲ್ಲಿಗೆ ಹೋಗಬೇಕು. ಮೂರ್ಛೆಯ ಔಷಧವನ್ನು ಮಾತ್ರ ತಾವಾಗಿಯೇ ನಿಲ್ಲಿಸಿಬಿಡಬಾರದು.

ದಿನ ಮೀರಿದ್ದೆಲ್ಲ ಗರ್ಭವೇ ಅಲ್ಲವೆಂಬುದನ್ನೂ ಹೇಳಬೇಕು. ಪರೀಕ್ಷೆಯ ಚಿಂತೆ, ನಿದ್ರೆಗೇಡು, ಏಕಾಏಕಿ ಮೈ ಇಳಿಯುವುದು ಅಥವಾ ಏರುವುದು, ಥೈರಾಯ್ಡ್ ಗ್ರಂಥಿಯ ಏರುಪೇರು, ಈಗ ಬಹಳ ಹುಡುಗಿಯರಲ್ಲಿ ಕಾಣುವ ಪಿಸಿಓಎಸ್ ಎಂಬ ಅಂಡಾಶಯದ ತೊಂದರೆ, ಇವುಗಳಿಂದ ಅಂಡ ಬೀಳುವುದೇ ತಡವಾಗಿ ಮುಟ್ಟೂ ತಡವಾಗುವುದು. ಹಬ್ಬಕ್ಕೆಂದೋ ಮದುವೆಗೆಂದೋ ಮುಟ್ಟನ್ನು ಮುಂದೂಡುವ ಮಾತ್ರೆ ನುಂಗುವ ಪದ್ಧತಿ ನಮ್ಮ ಮನೆಗಳಲ್ಲಿ ಹಬ್ಬಿದೆ. ದೇವರು ಹೆಂಗಸರ ಶರೀರವನ್ನು ತಾನೇ ಮಾಡಿ ತಾನೇ ಅದಕ್ಕೆ ಬೇಸರಪಟ್ಟುಕೊಳ್ಳುವನೆಂದು ನನಗಂತೂ ತೋರುವುದಿಲ್ಲ. ಆ ಮಾತ್ರೆ ನಿಲ್ಲಿಸಿದ ಎರಡು ಮೂರು ದಿನಗಳಲ್ಲಿ ಸ್ರಾವ ಬರಬೇಕು; ವಾರವಾದರೂ ಬರದಿದ್ದರೆ ಪರೀಕ್ಷೆ ಮಾಡಿಕೊಳ್ಳತಕ್ಕದ್ದು. ಸರ್ಕಾರದ ಆಸ್ಪತ್ರೆಗಳಲ್ಲಿ ಕೊಡುವ 'ಅಂತರ' ಚುಚ್ಚುಮದ್ದಿನಿಂದ ಮುಟ್ಟು ಅಸ್ತವ್ಯಸ್ತವಾಗಿ ನಿಂತೇಹೋಗುವುದುಂಟು. 'ಛಾಯಾ' ಮಾತ್ರೆಯಿಂದ ದಿನಗಳು ಹಿಗ್ಗುವುದುಂಟು, ಆದರೆ 15 ದಿನಕ್ಕೂ ಹೆಚ್ಚು ಮೀರಿದರೆ ಪರೀಕ್ಷೆ ಅಗತ್ಯ. ಹಾಲೂಡುವ ತಾಯಂದಿರು "ಮುಟ್ಟೇ ಬಂದಿಲ್ಲವಲ್ಲ" ಎಂದು ನಿಶ್ಚಿಂತರಾಗಿರುವರು. ಮೊದಲನೆಯ ಮುಟ್ಟಿಗೆ ಹದಿನೈದು ದಿನ ಮುಂಚೆಯೇ ಅಂಡ ಬೀಳುವುದರಿಂದ ಮುಟ್ಟನ್ನೇ ಕಾಣದೆ ಎರಡನೆಯ ಸಲ ಗರ್ಭಿಣಿಯಾದವರನ್ನು ನಾವೆಲ್ಲರೂ ಕಂಡಿದ್ದೇವೆ. ಎರಡೆರಡು ಪರೀಕ್ಷೆಗಳೂ ಇಲ್ಲವೆಂದು, ಮೂರು ತಿಂಗಳು ಮುಟ್ಟೂ ಇಲ್ಲವಾದರೆ, ವೈದ್ಯರನ್ನು ಕಾಣಲೇಬೇಕು.

ಒಂದು ಸಂದರ್ಭದಲ್ಲಿ ಮಾತ್ರ ಕಾಯುವ ಲೆಕ್ಕ ಸರ್ವಥಾ ಸಲ್ಲದು. ನೂರು ಗರ್ಭಗಳಲ್ಲಿ ಒಂದೆರಡು ಗರ್ಭಕೋಶಕ್ಕೆ ಬಾರದೆ ಅಂಡನಾಳದಲ್ಲಿಯೇ ನಿಂತುಬಿಡುವುವು. ಅಲ್ಲಿ ಅವು ಬೆಳೆಯಲಾರವು. ನಾಳ ಒಡೆದರೆ ಹೊಟ್ಟೆಯೊಳಗೆ ರಕ್ತ ಸುರಿದು ತಾಯಿಯ ಪ್ರಾಣಕ್ಕೇ ಅಪಾಯ. ದಿನ ಮೀರಿದವಳಿಗೆ ಕಿಬ್ಬೊಟ್ಟೆಯ ಒಂದು ಪಕ್ಕದಲ್ಲಿ ನೋವು, ಅಲ್ಪವಾದ ಸ್ರಾವ, ಹೆಗಲ ತುದಿಯಲ್ಲಿ ನೋವು, ತಲೆಸುತ್ತು, ಕಣ್ಣುಕತ್ತಲೆ ಇವು ಕಂಡರೆ ಪಟ್ಟಿ ಏನು ಹೇಳಿದ್ದರೂ ಸರಿ, ರಾತ್ರಿಯೋ ಹಗಲೋ ನೋಡದೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ತಡವಾಗಿ ಬಂದು, ಎಂದಿನಂತಿರದೆ ಬರಿಯ ತೊಟ್ಟುತೊಟ್ಟಾಗಿ ಕಂಡ ಸ್ರಾವವನ್ನು ಮುಟ್ಟೆಂದು ತಿಳಿದು ಸುಮ್ಮನಾಗುವ ಅಭ್ಯಾಸ ಈ ಕಾರಣದಿಂದಲೇ ಒಳ್ಳೆಯದಲ್ಲ.

ಮಗು ಬೇಡವಾಗಿರುವವರ, ಮದುವೆಯಾಗದ ಹುಡುಗಿಯರ ಮಾತನ್ನು ಬಿಟ್ಟು ಈ ವಿಷಯವನ್ನು ಮುಗಿಸಿದರೆ ನಾನು ಅಂಜಿದೆನೆಂದೇ ಆಗುವುದು. ಅಂಥ ಹುಡುಗಿಗೆ ದಿನ ಮೀರಿದಾಗ ಅವಳು ತಾಯಿಯ ಮುಖ ನೋಡಲಾರದೆ ಅಂಗಡಿಯವನ ಮುಖ ನೋಡುವಳು. ಅವನು ಕೊಟ್ಟ ಮಾತ್ರೆಯಿಂದ, ಗರ್ಭ ಎಷ್ಟು ದಿನದ್ದು, ಎಲ್ಲಿ ನಿಂತಿದೆ ಎಂಬುದು ಯಾರಿಗೂ ತಿಳಿಯದೆ ರಕ್ತ ಹೋಗಿ ಸಾಯುವ ಸ್ಥಿತಿಗೆ ಬಂದವರನ್ನು ನನ್ನ ಶಿಷ್ಯೆ ಕಂಡಿದ್ದಾಳೆ. 1971ರ ಗರ್ಭಪಾತದ ಕಾಯಿದೆ, 2021ರ ತಿದ್ದುಪಡಿಯ ತರುವಾಯ, ವಿವಾಹಿತೆ ಅವಿವಾಹಿತೆಯೆಂಬ ಭೇದವನ್ನು ಗರ್ಭನಿರೋಧ ವಿಫಲವಾದ ಸಂದರ್ಭದಲ್ಲಿಯೂ ಎಣಿಸುವುದಿಲ್ಲ. 18 ವರ್ಷ ತುಂಬಿದವಳಿಗೆ ಅವಳ ಒಪ್ಪಿಗೆಯೊಂದೇ ಸಾಕು. ಅವಳ ಹೆಸರನ್ನು ಹೊರಗೆಡಹುವುದು ವೈದ್ಯರಿಗೆ ಅಪರಾಧ. ಇದನ್ನು ಮೆಚ್ಚುವವರೂ ಮೆಚ್ಚದವರೂ ನಮ್ಮ ವಾಚಕರಲ್ಲಿರಬಹುದು. ಮಗಳು ಬದುಕಿ ಉಳಿಯಬೇಕೆಂಬುದರಲ್ಲಿ ಭಿನ್ನಾಭಿಪ್ರಾಯವಿರಲಾರದು; ಬೈಗಳನ್ನು ನಾಳೆಗಿಟ್ಟು ಇಂದು ಅವಳೊಡನೆ ವೈದ್ಯರ ಬಳಿಗೆ ಹೋಗಬೇಕು.

ಎರಡು ಗೆರೆ ಕಂಡ ಮೇಲೆ ಮಾಡತಕ್ಕದ್ದು ಬಹಳವಿಲ್ಲ. ಕೊನೆಯ ಮುಟ್ಟಿನ ಮೊದಲ ದಿನವನ್ನು ಚೀಟಿಯಲ್ಲಿ ಬರೆದುಕೊಂಡು ಆರೋಗ್ಯ ಕೇಂದ್ರಕ್ಕೆ ಹೋಗಿ ಹೆಸರು ಬರೆಯಿಸಿ ತಾಯಿ ಕಾರ್ಡ್ ಪಡೆಯುವುದು. ಇದನ್ನು 12 ವಾರದೊಳಗೆ ಮಾಡಬೇಕು. ಪ್ರತಿ ತಿಂಗಳ 9ನೆಯ ತಾರೀಖು ಸರ್ಕಾರದ ಆಸ್ಪತ್ರೆಗಳಲ್ಲಿ ಗರ್ಭಿಣಿಯರನ್ನು ವೈದ್ಯರು ಉಚಿತವಾಗಿ ನೋಡುವ ಏರ್ಪಾಡು 2016ರಿಂದ ಇದೆ. ಹೆರಿಗೆಯ ದಿನವನ್ನು ಕೊನೆಯ ಮುಟ್ಟಿನಿಂದ 280 ದಿನಕ್ಕೆ ಎಣಿಸುವರು. ನಮ್ಮವರ "ಒಂಬತ್ತು ತಿಂಗಳು ಒಂಬತ್ತು ದಿನ" ಇದಕ್ಕೆ ಬಹಳ ದೂರವಲ್ಲ. ಆ ಪ್ರಕಾರ ನಮ್ಮ ಹುಡುಗಿಗೆ ಮಾರ್ಚ್ 10 ಬಂದಿತು. ನಾನು, ಅವಳದು 35 ದಿನದ ಎಣಿಕೆಯಾದುದರಿಂದ ಒಂದು ವಾರ ಕೂಡಿಸಬೇಕು, 17 ಎಂದೆ. ಸ್ಕ್ಯಾನಿಂಗ್ ಮಾಡಿದವರೂ 17 ಎಂದೇ ಬರೆದುಕೊಟ್ಟರು. ನಿವೃತ್ತನಾದ ಮೇಲೆ ನನಗೆ ಅಷ್ಟು ಸಂತೋಷವಾದ ದಿನಗಳು ಕಡಮೆ.

ಹಿಂದಿನ ಕಾಲದಲ್ಲಿ ಹೆಂಗಸು ಮೂರು ದಿನ ಹೊರಗೆ ಕುಳಿತಿರುತ್ತಿದ್ದುದರಿಂದ ಅವಳ ದಿನಗಳನ್ನು ಮನೆಮಂದಿಯೆಲ್ಲ ಎಣಿಸುತ್ತಿದ್ದರು. ಆ ಪದ್ಧತಿ ಹೋದುದು ಒಳ್ಳೆಯದಾಯಿತು; ಅದರೊಂದಿಗೆ ಎಣಿಕೆಯೂ ಹೋಗಿ, ಅದು ಈಗ ಹುಡುಗಿಯೊಬ್ಬಳ ನೆನಪಿಗೆ ಬಿದ್ದಿದೆ. ಮೊಬೈಲಿನಲ್ಲಿ ದಿನ ಹೇಳುವ ಸಾಧನಗಳುಂಟು. ಅವು ಹಿಂದಿನ ತಿಂಗಳುಗಳ ಸರಾಸರಿಯನ್ನು ಮುಂದಕ್ಕೆ ಹಚ್ಚುವುವೇ ಹೊರತು ಈ ತಿಂಗಳು ಅಂಡ ಬಿದ್ದ ದಿನವನ್ನು ಕಂಡು ಹೇಳುವುದಿಲ್ಲ. ಬರೆದಿಟ್ಟುಕೊಳ್ಳುವ ಕೆಲಸಕ್ಕೆ ಅವು ಸಾಕು, ಗೋಡೆಯ ಕ್ಯಾಲೆಂಡರೂ ಸಾಕು.

ಮಗು 2023ರ ಮಾರ್ಚ್ 15ರಂದು ಹುಟ್ಟಿತು. ಹೆಣ್ಣುಮಗು, ಬೆನ್ನು ನೆಟ್ಟಗಿದೆ, ಕೈಕಾಲು ಚೆನ್ನಾಗಿವೆ. ನಾಮಕರಣಕ್ಕೆ ಹೋಗಿದ್ದಾಗ ಬೀಗಿತ್ತಿಯವರು ಒಳಗಿನಿಂದ ಹಳೆಯ ಕ್ಯಾಲೆಂಡರನ್ನು ತಂದು ನನ್ನ ಮುಂದೆ ಹಿಡಿದರು. ಜುಲೈ 3ರ ಮೇಲೆ ಅವರೇ ಹಾಕಿದ್ದ ಗುರುತನ್ನು ಹೊಡೆದು 8ರ ಮೇಲೆ ಬೇರೆ ಗುರುತು ಹಾಕಿದ್ದರು. "ಬೀಗರೆ, ನನಗೆ ಇಪ್ಪತ್ತೆಂಟಕ್ಕೇ ಆಗುತ್ತಿತ್ತು, ಎಲ್ಲರಿಗೂ ಹಾಗೇ ಅಂದುಕೊಂಡಿದ್ದೆ" ಎಂದರು. ತೊಟ್ಟಿಲ ಬಳಿ ಕುಳಿತಿದ್ದ ಹುಡುಗಿ ಅತ್ತೆಯನ್ನು ನೋಡಿ ನಕ್ಕಳು.